ನುಡಿಯಲಾರದವರ ವಾಕ್ಯ: ಅಧ್ಯಾಹಾರವಿಚಾರ

“ಬಾಗಿಲು” ಎಂಬ ಒಂದೇ ಪದವನ್ನು ನುಡಿದು ಒಬ್ಬನು ಸುಮ್ಮನಾದರೆ, ಕೇಳಿದವನು “ಮುಚ್ಚು” ಎಂಬುದನ್ನು ತಾನಾಗಿ ಕೂಡಿಸಿಕೊಂಡು ವಾಕ್ಯಾರ್ಥವನ್ನು ಗ್ರಹಿಸುವನು. ಮೀಮಾಂಸಕರು ಅಧ್ಯಾಹಾರವೆಂದು ಕರೆಯುವ ಈ ವ್ಯಾಪಾರಕ್ಕೆ “ದ್ವಾರಮ್” ಎಂಬುದೇ ಗುರುಪರಂಪರೆಯಿಂದ ಬಂದಿರುವ ಉದಾಹರಣೆ. ಹೀಗೆ ಕೂಡಿಸಲ್ಪಡುವುದು ಶಬ್ದವೋ ಕೇವಲ ಅರ್ಥವೋ ಎಂಬಲ್ಲಿ ಎರಡು ಮತಗಳುಂಟು. ಅಪೂರ್ಣವಾದ ಶಬ್ದವನ್ನು ಶಬ್ದವೇ ಪೂರ್ಣಗೊಳಿಸತಕ್ಕದ್ದೆಂದು ಭಾಟ್ಟರು ಹೇಳುವರು. ಅರ್ಥವು ಬುದ್ಧಿಗೆ ಬಂದರೆ ಸಾಕು, ನಡುವೆ ಶಬ್ದವೊಂದನ್ನು ಕಲ್ಪಿಸುವುದು ಗೌರವದೋಷವೆಂದು ಪ್ರಾಭಾಕರರು ಹೇಳುವರು. ಪಾಠಶಾಲೆಗಳಲ್ಲಿ ಈ ವಿವಾದವು ಬುದ್ಧಿಗೆ ಸಾಣೆಯೆಂದು ಓದಲ್ಪಡುತ್ತ ಬಂದಿತೇ ಹೊರತು, ಅದರ ನಿರ್ಣಯದಿಂದ ಲೋಕದಲ್ಲಿ ಒಬ್ಬನ ಆಸ್ತಿಯೋ ಮಾನವೋ ಉಳಿಯಬೇಕಾದ ಪ್ರಸಂಗವಿದೆಯೆಂದು ಎಣಿಸಿದವರು ವಿರಳ. ಪೂರಕ-ಪರ್ಯಾಯ ಸಂವಹನವೆಂಬ ಈಚಿನ ಶಾಸ್ತ್ರದಲ್ಲಿ ನಡೆದಿರುವ ಚರ್ಚೆಯನ್ನು ನೋಡಿದರೆ ಅಂತಹ ಪ್ರಸಂಗವು ನಿಜವಾಗಿಯೂ ಒದಗಿರುವುದು ಕಂಡುಬರುತ್ತದೆ.

ಜನ್ಮತಃ ಆಗಲಿ ರೋಗದಿಂದಾಗಲಿ ಬಾಯಿಂದ ನುಡಿಯಲಾರದವರು ಚಿತ್ರಫಲಕ, ಅಕ್ಷರಫಲಕ, ಕಣ್ಣಿನ ಚಲನೆ, ನುಡಿಯುವ ಯಂತ್ರ ಮೊದಲಾದವುಗಳಿಂದ ತಮ್ಮ ಇಂಗಿತವನ್ನು ತಿಳಿಸುವ ವಿಧಾನಗಳೇ ಈ ಶಾಸ್ತ್ರದ ವಿಷಯ. ಇಂಗ್ಲಿಷಿನಲ್ಲಿ ಇದನ್ನು ಆಗ್ಮೆಂಟೇಟಿವ್ ಅಂಡ್ ಆಲ್ಟರ್ನೇಟಿವ್ ಕಮ್ಯುನಿಕೇಷನ್ ಎಂದು ಕರೆಯುವರು. 1983ರಲ್ಲಿ ಇದರ ಅಂತರರಾಷ್ಟ್ರೀಯ ಸಂಘವು ಏರ್ಪಟ್ಟು, 1985ರಿಂದ ಇದಕ್ಕೆಂದೇ ಒಂದು ಪತ್ರಿಕೆಯು ನಡೆದು ಬರುತ್ತಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಈ ವಿಷಯಕ್ಕೆ ಸ್ಥಾನವಿರುವುದು.

ಶಾಸ್ತ್ರವು ಹೊಸದಾದರೂ ವಿಷಯವು ಹೊಸದಲ್ಲ. ಸಮರ್ಥಸೂತ್ರದ ಭಾಷ್ಯದಲ್ಲಿ ಪತಂಜಲಿಯು, ಶಬ್ದಪ್ರಯೋಗವಿಲ್ಲದೆಯೂ ಕಣ್ಣನ್ನು ಸಂಕೋಚಗೊಳಿಸುವುದರಿಂದಲೂ ಕೈಯನ್ನು ಆಡಿಸುವುದರಿಂದಲೂ ಅನೇಕಾರ್ಥಗಳು ತಿಳಿದುಬರುವುವೆಂದು ಹೇಳಿರುವನು. ಇಂತಹ ಚೇಷ್ಟೆಯಿಂದುಂಟಾಗುವ ಜ್ಞಾನವು ಪ್ರತ್ಯೇಕಪ್ರಮಾಣವಲ್ಲ, ಅನುಮಾನವೇ ಸರಿ ಎಂಬುದು ಪ್ರಶಸ್ತಪಾದನ ಸಿದ್ಧಾಂತ. ಇದು ವಿಚಾರಾರ್ಹವಾದ ಮಾತು. ಅನುಮಾನವೆಂದೊಡನೆಯೆ ಅದನ್ನು ಮಾಡುವವನು ನೋಡುವವನೇ ಹೊರತು ಚೇಷ್ಟೆ ಮಾಡಿದವನಲ್ಲವೆಂಬುದು ಸಿದ್ಧವಾಯಿತು, ಹೇತ್ವಾಭಾಸಕ್ಕೂ ಅವಕಾಶವಾಯಿತು. ತಪ್ಪು ಊಹೆಯು ಒಬ್ಬನದು, ಅದರ ಫಲವು ಮತ್ತೊಬ್ಬನಿಗೆ.

ಈ ಸ್ಥಿತಿಯನ್ನು ವಸ್ತುವಾಗಿ ಹಿಡಿದು, ಅಂತಹವರು ನುಡಿಯುವ ಕ್ರಮವನ್ನೂ ವಿವರಿಸಿರುವ ಮೂರು ಗ್ರಂಥಗಳು ಫ್ರೆಂಚ್ ಸಾಹಿತ್ಯದಲ್ಲಿ ಪ್ರಸಿದ್ಧವಾಗಿವೆ. ಎರಡು ಕಾದಂಬರಿಗಳು, ಮೂರನೆಯದು ಅನುಭವಕಥನ. ಅಲೆಕ್ಸಾಂದ್ರ್ ಡ್ಯೂಮಾನು ಮನೋರಂಜನೆಯ ಕಥೆಗಾರ, ಎಮಿಲ್ ಜೋಲಾನು ಯಥಾರ್ಥವಾದಿ ಎಂಬುದು ಸಾಹಿತ್ಯಚರಿತ್ರೆಗಳಲ್ಲಿ ಬೇರೂರಿರುವ ಅಭಿಪ್ರಾಯ. ಇತರ ವಿಷಯಗಳಲ್ಲಿ ಅದು ಹೇಗಾದರೂ ಇರಲಿ, ನುಡಿಯಲಾರದವರ ವಾಕ್ಯವೆಂಬ ಈ ಒಂದು ವಿಷಯದಲ್ಲಿ ಡ್ಯೂಮಾನು ತೋರಿಸಿರುವ ಶಾಸ್ತ್ರೀಯವಾದ ಎಚ್ಚರವನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ 1844ರಿಂದ 1846ರ ವರೆಗೆ ಕಂತುಕಂತಾಗಿ ಪ್ರಕಟವಾಯಿತು. ಅದರಲ್ಲಿ ಬರುವ ನ್ವಾರ್ತಿಯೆ ಎಂಬ ವೃದ್ಧನಿಗೆ ಲಕ್ವ ಹೊಡೆದು ಕಣ್ಣು ಕಿವಿಗಳೆರಡೇ ಉಳಿದಿವೆ. ಕಣ್ಣು ಮುಚ್ಚಿದರೆ ಹೌದು. ಹಲವು ಸಲ ಮಿಟುಕಿಸಿದರೆ ಅಲ್ಲ. ಮೇಲಕ್ಕೆ ಎತ್ತಿದರೆ ಏನೋ ಬೇಕೆಂದು ಅರ್ಥ. ಮೊಮ್ಮಗಳು ವಾಲೆಂಟೀನಳು ಅಕ್ಷರಮಾಲೆಯನ್ನು ಹೇಳುತ್ತ ಹೋಗುವಳು. ಬೇಕಾದ ಅಕ್ಷರದಲ್ಲಿ ಮುದುಕನು ತಡೆಯುವನು. ಬಳಿಕ ಅವಳು ನಿಘಂಟನ್ನು ತೆರೆದು ಪುಟದ ಮೇಲೆ ಬೆರಳನ್ನು ಇಳಿಸುತ್ತ ಬರುವಳು. ಬೇಕಾದ ಪದದಲ್ಲಿ ಆತನು ಮತ್ತೆ ತಡೆಯುವನು. ಈ ಕ್ರಮದಿಂದಲೇ ಮುದುಕನು ನೋಟರಿಯನ್ನು ಕರೆಸಿ ಮರಣಶಾಸನವನ್ನು ಬರೆಯಿಸುವನು. ವಾಲೆಂಟೀನಳು ತನಗೆ ಒಪ್ಪಿಗೆಯಿಲ್ಲದ ವರನನ್ನು ಮದುವೆಯಾದ ಪಕ್ಷದಲ್ಲಿ ಒಂಬತ್ತು ಲಕ್ಷ ಫ್ರಾಂಕುಗಳೂ ಬಡವರಿಗೆ ಸೇರಬೇಕೆಂಬುದು ಆ ಶಾಸನದ ತಾತ್ಪರ್ಯ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ದ್ವಿಭಾಷಿಯಾದ ವಾಲೆಂಟೀನಳಿಗೆ ಶಾಸನದಿಂದ ನಷ್ಟವೇ ಆಗುವುದರಿಂದ ಆಕೆಯ ಮಾತು ವಿಶ್ವಾಸಾರ್ಹವೆಂದು ಮೇಲುನೋಟಕ್ಕೆ ತೋರುವುದು. ವಸ್ತುತಃ ಹಾಗಲ್ಲ. ಆಕೆಯ ಮನಸ್ಸು ಬೇರೊಬ್ಬನಲ್ಲಿ ನೆಟ್ಟಿರುವುದರಿಂದ ಆ ಮದುವೆ ತಪ್ಪುವುದು ಆಕೆಗೂ ಇಷ್ಟವೇ. ಪ್ರೀತಿಯುಳ್ಳ ದ್ವಿಭಾಷಿಯೂ ನಿರ್ಲಿಪ್ತನಲ್ಲ. ಡ್ಯೂಮಾನು ಈ ಸಂದೇಹಕ್ಕೆ ಎಡೆಗೊಡದೆ, ನೋಟರಿಯೇ ಸಂಕೇತಗಳನ್ನು ಕಲಿತು ತಾನೇ ಮುದುಕನನ್ನು ಪ್ರಶ್ನಿಸುವಂತೆ ಮಾಡಿದನು. ಮೊಮ್ಮಗಳಿಗೋ, ಮೊಮ್ಮಗನಿಗೋ, ಮಗನಿಗೋ ಎಂದು ಒಂದೊಂದಾಗಿ ಕೇಳಲಾಗಿ ಅಲ್ಲ, ಅಲ್ಲ, ಅಲ್ಲ ಎಂದೇ ಉತ್ತರವು ಬರುತ್ತದೆ. ಆ ನಿಷೇಧಗಳಿಂದಲೇ ಓದುಗನಿಗೆ ಮುದುಕನ ಬುದ್ಧಿಯಲ್ಲಿ ನಂಬಿಕೆಯುಂಟಾಗುವುದು. ಹೌದೆಂಬುದನ್ನು ಗೊಂಬೆಯೂ ಹೇಳಬಲ್ಲದು.

ಮುಂದೆ ಬರುವ ಒಂದು ಪ್ರಕರಣದಲ್ಲಿ ವಾಲೆಂಟೀನಳಿಗೆ ನಿಶ್ಚಯಿಸಿದ ವರನು, ತನ್ನ ತಂದೆಯನ್ನು ದ್ವಂದ್ವಯುದ್ಧದಲ್ಲಿ ಕೊಂದವನ ಹೆಸರನ್ನು ತಿಳಿಸಬೇಕೆಂದು ಮುದುಕನನ್ನು ಬೇಡುವನು. ನಿಘಂಟಿನ ಮೇಲೆ ಬೆರಳು ಇಳಿದು ಬಂದು ನಿಂತ ಪದವು “ನಾನು” ಎಂಬುದು. ಆ ಕೋಣೆಯಲ್ಲಿದ್ದ ಯಾರೂ ಆ ಪದವನ್ನು ಅಧ್ಯಾಹಾರದಿಂದ ತರಲಾರರು. ಊಹೆಗೆ ಮೀರಿದುದನ್ನು ಹೇಳಬಲ್ಲ ಶಕ್ತಿಯು ಆ ಕ್ರಮಕ್ಕಿದ್ದುದರಿಂದಲೇ ಅದು ವಾಕ್ಕೆನಿಸಿತು.

ಜೋಲಾನ ‘ತೆರೇಸ್ ರಾಕ್ಯಾ’ 1867ರಲ್ಲಿ ಪ್ರಕಟವಾದ ಗ್ರಂಥ. ತೆರೇಸಳೂ ಆಕೆಯ ಪ್ರಿಯನಾದ ಲೊರಾನನೂ ಸೇರಿ ಆಕೆಯ ಗಂಡನನ್ನು ನೀರಿನಲ್ಲಿ ಮುಳುಗಿಸಿ ಕೊಂದು, ಕೆಲವು ಕಾಲದ ಮೇಲೆ ತಾವು ಮದುವೆಯಾಗಿದ್ದಾರೆ. ಸತ್ತವನ ತಾಯಿಯಾದ ವೃದ್ಧೆಯು ಲಕ್ವದಿಂದ ಮಾತನ್ನೂ ಅಂಗಚಲನೆಯನ್ನೂ ಕಳೆದುಕೊಂಡ ಬಳಿಕ ಈ ಕೊಲೆಯ ವಾರ್ತೆಯು ಆಕೆಯ ಕಿವಿಗೆ ಬೀಳುವುದು. ಗುರುವಾರದ ಸಂಜೆ ಆಟಕ್ಕೆಂದು ಸ್ನೇಹಿತರು ನೆರೆದಿರುವಾಗ ಆಕೆಯು ಉಳಿದ ಪ್ರಾಣಶಕ್ತಿಯನ್ನೆಲ್ಲ ಬೆರಳಿಗೆ ತಂದು, ಮೇಜಿನ ಮೇಲೆ ಅಕ್ಷರಗಳನ್ನು ಗೀಚುವಳು. ಅವರಿಬ್ಬರ ಹೆಸರುಗಳೂ ಒಂದು ಸಹಾಯಕ್ರಿಯಾಪದವೂ ಆಗುವಷ್ಟರಲ್ಲಿ ಕೈ ಬಿದ್ದುಹೋಗುವುದು. ಕರ್ತೃಪದವು ಬಂದಿದೆ, ಮುಖ್ಯಕ್ರಿಯೆಯು ಬಂದಿಲ್ಲ, ಆಕಾಂಕ್ಷೆಯು ತೀರಿಲ್ಲ. ಆಗ ಗ್ರಿವೆ ಎಂಬ ಸ್ನೇಹಿತನು, ಆಕೆಯ ಕಣ್ಣಿನಲ್ಲಿಯೇ ವಾಕ್ಯವೆಲ್ಲವನ್ನೂ ಓದಿದೆನೆಂದು ಉತ್ಸಾಹದಿಂದ ಮುಂದೆ ಬಂದು, ಅವರಿಬ್ಬರೂ ತನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಹೇಳುವುದೇ ಆಕೆಯ ಇಷ್ಟವೆಂದು ಪೂರಣ ಮಾಡುವನು. ಎಲ್ಲರೂ ಒಪ್ಪುವರು.

ಗ್ರಿವೆಯನ್ನು ಮೂರ್ಖನೆಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಅವನ ಅಧ್ಯಾಹಾರದಲ್ಲಿ ಶಾಸ್ತ್ರದೃಷ್ಟಿಯಿಂದ ಯಾವ ದೋಷವಿದೆ? ಆಕಾಂಕ್ಷೆಯು ಪೂರ್ಣವಾಯಿತು. ಯೋಗ್ಯತೆಗೆ ಕೊರತೆಯಿಲ್ಲ. ಪ್ರಕರಣವೂ ಅನುಕೂಲವಾಗಿಯೇ ಇದೆ. ಆ ಮನೆಯಲ್ಲಿ ಸೇವೆಯು ನಡೆಯುತ್ತಿರುವುದನ್ನು ಎಲ್ಲರೂ ಕಂಡಿರುವರು. ಭೋಜನಕಾಲದಲ್ಲಿ “ಸೈಂಧವ”ವೆಂದರೆ ಉಪ್ಪನ್ನೂ ಪ್ರಯಾಣಕಾಲದಲ್ಲಿ ಕುದುರೆಯನ್ನೂ ತರುವವನಂತೆ ಅವನು ನಡೆದುಕೊಂಡನು. ದೋಷವು ಬೇರೊಂದೆಡೆಯಲ್ಲಿದೆ. ಪ್ರಕರಣವು ಸಂಭಾವಿತವಾದ ಅರ್ಥವನ್ನು ಕೊಡುವುದೇ ಹೊರತು ವಕ್ತೃವಿನ ತಾತ್ಪರ್ಯವನ್ನು ಕೊಡಲಾರದು. ನಿತ್ಯದ ಮಾತಿನಲ್ಲಿ ಇವೆರಡೂ ಒಂದೇ ಆಗಿರುವುದರಿಂದ ಭೇದವು ತೋರುವುದಿಲ್ಲ. ಲೋಕದ ಎಣಿಕೆಗೆ ವಿರುದ್ಧವಾದುದನ್ನು ಹೇಳಬೇಕಾದವರಿಗೆ ಮಾತ್ರ ಪ್ರಕರಣವೇ ಶತ್ರುವಾಗುವುದು. ಮಾತಿನ ಅವಶ್ಯಕತೆಯು ಅತ್ಯಧಿಕವಾಗಿರುವುದೂ ಅವರಿಗೇ. ಇನ್ನೂ ಕ್ರೂರವಾದ ಸಂಗತಿಯೆಂದರೆ, ಮುದುಕಿಯ ನೋಟದ ಅರ್ಥವನ್ನು ಆ ಮನೆಯಲ್ಲಿ ಸರಿಯಾಗಿ ತಿಳಿಯಬಲ್ಲವಳು ತೆರೇಸಳೊಬ್ಬಳೇ. ಬಲ್ಲ ದ್ವಿಭಾಷಿಯು ಅಪರಾಧಿ. ನಿರಪರಾಧಿಯಾದ ದ್ವಿಭಾಷಿಯು ಅಜ್ಞ. ಇಷ್ಟನ್ನು ಕಂಡದ್ದರಲ್ಲಿ ಜೋಲಾನ ಪ್ರತಿಭೆಯು ದೊಡ್ಡದು. ಆದರೆ ಗ್ರಿವೆಯ ಮಾತಿಗೆ ಅಲ್ಲವೆನ್ನುವ ಒಂದು ಸಂಕೇತವು ಮುದುಕಿಗೆ ಇದ್ದಿದ್ದರೆ ಆ ಪ್ರಕರಣವೇ ನಿಲ್ಲುತ್ತಿರಲಿಲ್ಲವೆಂಬುದನ್ನು ಮರೆಯಲಾಗದು. ಅವಳ ರೆಪ್ಪೆಗಳು ಆಡುತ್ತಲೇ ಇದ್ದುವು. ಅವುಗಳಿಗೊಂದು ಸಂಕೇತವನ್ನು ಏರ್ಪಡಿಸಬೇಕೆಂದು ಗುರುವಾರದ ಆ ಗುಂಪಿನಲ್ಲಿ ಯಾರಿಗೂ ತೋರಲಿಲ್ಲ.

ಮೂರನೆಯ ಗ್ರಂಥದ ಕರ್ತೃ ಝಾನ್-ಡೊಮಿನಿಕ್ ಬೋಬಿ ಪ್ಯಾರಿಸ್ಸಿನ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕನಾಗಿದ್ದವನು. 1995ರ ಡಿಸೆಂಬರ್ 8ರಂದು ಮಿದುಳಿನ ರಕ್ತನಾಳದ ಆಘಾತಕ್ಕೆ ಸಿಕ್ಕಿ ಎಡಗಣ್ಣಿನ ರೆಪ್ಪೆಯೊಂದರ ಹೊರತು ಮಿಕ್ಕೆಲ್ಲ ಅಂಗಗಳೂ ನಿಶ್ಚೇಷ್ಟಿತವಾದುವು. ಫ್ರೆಂಚ್ ಭಾಷೆಯಲ್ಲಿ ಹೆಚ್ಚಾಗಿ ಬರುವ ಅಕ್ಷರಗಳು ಮೊದಲಾಗುವಂತೆ ಜೋಡಿಸಿದ ಅಕ್ಷರಮಾಲೆಯನ್ನು ಎದುರಿಗಿದ್ದವರು ಹೇಳುತ್ತ ಹೋಗಲು, ಬೇಕಾದಲ್ಲಿ ರೆಪ್ಪೆಯನ್ನು ಮಿಟುಕಿಸಿ, 1996ರ ಬೇಸಗೆಯಲ್ಲಿ ಕ್ಲೋದ್ ಮಾಂದಿಬಿಲ್ ಎಂಬಾಕೆಗೆ ಇಡೀ ಗ್ರಂಥವನ್ನು ಹೇಳಿ ಬರೆಯಿಸಿದನು. 1997ರ ಮಾರ್ಚ್‌ನಲ್ಲಿ ಅದು ಪ್ರಕಟವಾದ ಕೆಲವೇ ದಿನಗಳಲ್ಲಿ ಕಾಲವಾದನು. ಡ್ಯೂಮಾನ ನ್ವಾರ್ತಿಯೆಯನ್ನು ತನ್ನ ಪೂರ್ವಜನೆಂಬಂತೆ ಆತನು ಆ ಗ್ರಂಥದಲ್ಲಿ ಸ್ಮರಿಸಿರುವುದು ಸಾರ್ಥಕವಾಗಿದೆ.

ಬೋಬಿಯ ಗ್ರಂಥದಲ್ಲಿ ಪ್ರಕೃತಕ್ಕೆ ಮುಖ್ಯವಾದುದು ಆತನ ದುಃಖವರ್ಣನೆಯಲ್ಲ, ತನ್ನನ್ನು ನೋಡಲು ಬಂದವರನ್ನು ಆತನು ವಿಂಗಡಿಸಿರುವ ರೀತಿ. ಪದವು ಮುಗಿಯುವ ಮೊದಲೇ ಊಹಿಸಿ ಮುಗಿಸುವವರು ಕೆಲವರು. ಒಂದೊಂದಕ್ಷರವನ್ನೂ ಬರೆದುಕೊಂಡು, ವಾಕ್ಯವು ಮುಗಿಯುವ ವರೆಗೆ ಅರ್ಥವನ್ನೇ ಚಿಂತಿಸದವರು ಕೆಲವರು. ಈ ಎರಡನೆಯವರು ತಪ್ಪುವುದಿಲ್ಲವೆಂದು ಆತನ ಅಭಿಪ್ರಾಯ. ಒಮ್ಮೆ ಆತನು ಕನ್ನಡಕವನ್ನು ಕೇಳಲೆಳಸಲು, ಫ್ರೆಂಚಿನಲ್ಲಿ ಆ ಪದದ ಮೊದಲ ಭಾಗಕ್ಕೆ ಚಂದ್ರನೆಂದು ಅರ್ಥವಿರುವುದರಿಂದ, ಚಂದ್ರನನ್ನು ತೆಗೆದುಕೊಂಡು ಏನು ಮಾಡುವಿರೆಂದು ಕೇಳಿದರಂತೆ. ವ್ಯಾಸರು ಹೇಳಿ ಗಣಪತಿ ಬರೆದನೆಂಬ ಕಥೆಯಲ್ಲಿ ಅರ್ಥವಾಗದೆ ಬರೆಯಕೂಡದೆಂಬ ಕಟ್ಟುಪಾಡು ಲೇಖಕನ ಮೇಲಿದ್ದಿತು. ಇಲ್ಲಿ ಅದು ತಿರುಗುಮುರುಗಾಗಿ, ಅರ್ಥಮಾಡಿಕೊಳ್ಳುವ ಆತುರವೇ ಲೇಖಕನ ದೋಷವಾಯಿತು.

ಇಷ್ಟು ಸಾಹಿತ್ಯದ ಮಾತಾಯಿತು. ಲೋಕದಲ್ಲಿ ಇದೇ ದೋಷವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ‘ಫೆಸಿಲಿಟೇಟೆಡ್ ಕಮ್ಯುನಿಕೇಷನ್’ ಎಂಬ ವಿಧಾನದ ಚರಿತ್ರೆಯೇ ನಿದರ್ಶನ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ರೋಸ್‌ಮೆರಿ ಕ್ರಾಸ್ಲಿ ಇದನ್ನು ಆರಂಭಿಸಿದರು. 1990ರಲ್ಲಿ ಡಗ್ಲಾಸ್ ಬಿಕ್ಲೆನ್ ಬರೆದ ಲೇಖನದಿಂದ ಅಮೆರಿಕದಲ್ಲಿ ಹಬ್ಬಿತು. ನುಡಿಯಲಾರದವರ ಕೈಯನ್ನೋ ಮಣಿಕಟ್ಟನ್ನೋ ಸಹಾಯಕರು ಹಿಡಿದಿರಲು, ಅವರ ಬೆರಳು ಅಕ್ಷರಫಲಕದ ಮೇಲೆ ಪದಗಳನ್ನು ಒತ್ತುತ್ತ ಹೋಗುವುದು ಇದರ ಕ್ರಮ. ಏನೂ ಅರಿಯರೆಂದು ಎಣಿಸಲ್ಪಟ್ಟ ಮಕ್ಕಳಿಂದ ಕವಿತೆಗಳು ಬಂದುವು. ತಾಯ್ತಂದೆಗಳು ಹಿಗ್ಗಿದರು. ಬಳಿಕ ಕೆಲವು ಮನೆಗಳಲ್ಲಿ ಅದೇ ಬೆರಳುಗಳಿಂದ ಆ ತಾಯ್ತಂದೆಗಳ ಮೇಲೆಯೇ ಘೋರವಾದ ಆರೋಪಗಳು ಹೊರಟು ಸಂಸಾರಗಳು ನ್ಯಾಯಾಲಯವನ್ನು ಹತ್ತಬೇಕಾಯಿತು.

ಪರೀಕ್ಷೆಯು ಅನಿವಾರ್ಯವಾಯಿತು. ನ್ಯೂಯಾರ್ಕ್ ಸಂಸ್ಥಾನದ ಒ. ಡಿ. ಹೆಕ್ ಕೇಂದ್ರದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 12 ಮಂದಿ ನುಡಿಯಲಾರದವರೂ 9 ಮಂದಿ ಸಹಾಯಕರೂ ಇದ್ದರು. ಇಬ್ಬರಿಗೂ ಚಿತ್ರಗಳನ್ನು ತೋರಿಸಿ, ಒಬ್ಬರ ಚಿತ್ರವು ಮತ್ತೊಬ್ಬರಿಗೆ ಕಾಣದಂತೆ ಏರ್ಪಡಿಸಿದರು. ಎರಡು ಚಿತ್ರಗಳೂ ಬೇರೆಬೇರೆಯಾಗಿದ್ದಾಗ ಬೆರಳು ಒತ್ತಿದ ಹೆಸರು ಸಹಾಯಕರು ಕಂಡ ಚಿತ್ರದ್ದಾಗುತ್ತಿತ್ತು. ನುಡಿಯಲಾರದವರು ಮಾತ್ರವೇ ಕಂಡುದು ಒಮ್ಮೆಯೂ ಹೊರಬರಲಿಲ್ಲ. 1994ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘವೂ, 2014ರಲ್ಲಿ ಮೇಲೆ ಹೇಳಿದ ಅಂತರರಾಷ್ಟ್ರೀಯ ಸಂಘವೂ ಈ ವಿಧಾನವನ್ನು ನಂಬತಕ್ಕದ್ದಲ್ಲವೆಂದು ಘೋಷಿಸಿದುವು. ಆ ಸಹಾಯಕರು ವಂಚಕರಾಗಿರಲಿಲ್ಲ. ತಮ್ಮ ಕೈಯೇ ಬರೆಯುತ್ತಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಪರೀಕ್ಷೆಯ ಫಲವನ್ನು ಕಂಡು ಕೆಲವರು ಕುಸಿದರು. ಗ್ರಿವೆಯೂ ಸಜ್ಜನನೇ ಅಲ್ಲವೆ?

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ಮಾತನಾಡಬಲ್ಲ ನಿನ್ನ ಮಾತು ನಿನ್ನದೇ ಎಂದು ಸಿದ್ಧಪಡಿಸೆಂದು ಲೋಕದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ದುರ್ಬಲರನ್ನು ಮಾತ್ರ ಪರೀಕ್ಷೆಗೆ ನಿಲ್ಲಿಸುವುದು ಅವಮಾನವೆಂಬುದು ಮೊದಲನೆಯದು. ಡ್ಯೂಮಾನ ನೋಟರಿಯೇ ಇದಕ್ಕೆ ಉತ್ತರ. ಆತನು ಪರೀಕ್ಷಿಸಿದ್ದು ಮುದುಕನನ್ನಲ್ಲ, ಮುದುಕನಿಗೂ ಕಾಗದಕ್ಕೂ ನಡುವೆ ನಿಂತವರನ್ನು. ಆ ಪರೀಕ್ಷೆಯಿಲ್ಲದಿದ್ದರೆ ಶಾಸನವನ್ನು ಹರಿದುಹಾಕಲು ಮಗನಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು?

ಎರಡನೆಯದು ಹೆಚ್ಚು ಬಲವಾದುದು. ಸಕಲ ಸಂಭಾಷಣೆಯೂ ಇಬ್ಬರು ಕೂಡಿ ಕಟ್ಟುವುದೇ. ಕೇಳುವವನ ಪೂರಣವಿಲ್ಲದೆ ಯಾರ ವಾಕ್ಯವೂ ಪೂರ್ಣವಾಗದು. ಆದಕಾರಣ ಜೊತೆಗಾರನ ಅಧ್ಯಾಹಾರವನ್ನು ದೋಷವೆನ್ನುವುದು ಸರಿಯಲ್ಲವೆಂದು ಈ ಶಾಸ್ತ್ರದಲ್ಲಿಯೇ ಹಲವು ವಿದ್ವಾಂಸರ ವಾದ. ಇದು ಒಪ್ಪತಕ್ಕ ಮಾತು. ನಿಮಿಷಕ್ಕೆ ಸುಮಾರು 150 ಪದಗಳನ್ನು ಆಡುವವರ ನಡುವೆ, ಹದಿನೈದನ್ನು ಮುಟ್ಟುವುದೂ ಕಷ್ಟವಾಗಿರುವವನು ಇತರರ ಪೂರಣವಿಲ್ಲದೆ ಸಂಸಾರ ನಡೆಸಲಾರನು. ಆದರೆ ಮೊದಲು ಹೇಳಿದ ಭಾಟ್ಟ-ಪ್ರಾಭಾಕರವಿವಾದವು ಉಪಯುಕ್ತವಾಗುವುದು ಇಲ್ಲಿಯೇ. ಫಲಕದ ಮೇಲೆ ಬಾಗಿಲಿನ ಚಿತ್ರವನ್ನು ತೋರಿಸಿದ ಕೂಡಲೆ ಜೊತೆಗಾರನು ಎದ್ದು ಬಾಗಿಲನ್ನು ಮುಚ್ಚಿದರೆ ಅದು ಅರ್ಥಾಧ್ಯಾಹಾರ. ತೋರಿಸಿದವನಿಗೆ ತಡೆಯಲು ಎಡೆಯೇ ಇಲ್ಲ. “ಬಾಗಿಲು ಹಾಕಬೇಕೆ?” ಎಂದು ಜೊತೆಗಾರನು ನುಡಿದು ಕಾದರೆ ಅದು ಶಬ್ದಾಧ್ಯಾಹಾರ, ನುಡಿದ ಶಬ್ದವನ್ನು ನಿರಾಕರಿಸಬಹುದು, “ತೆಗೆ” ಎಂಬುದೇ ಇಷ್ಟವಾಗಿದ್ದರೆ ತಿದ್ದಬಹುದು. ತರ್ಕದಲ್ಲಿ ಲಾಘವವು ಪ್ರಾಭಾಕರರ ಕಡೆಗಿದ್ದರೂ ನುಡಿಯಲಾರದವರ ವಿಷಯದಲ್ಲಿ ನ್ಯಾಯವು ಭಾಟ್ಟರ ಕಡೆಗಿರುವುದು. ಕೂಡಿಸಿದುದು ಶಬ್ದವಾಗಿ ವಕ್ತೃವಿನ ಮುಂದೆ ಬಂದು, ಅದನ್ನು ತಳ್ಳುವ ಶಕ್ತಿಯು ವಕ್ತೃವಿಗೆ ಉಳಿದಿರುವವರೆಗೂ ವಾಕ್ಯವು ಅವನದೇ. ಸಹಾಯಕನ ಕೈಯೇ ಬೆರಳನ್ನು ನಡೆಸಿದಾಗ ಹೌದೆಂಬುದೂ ಅಲ್ಲವೆಂಬುದೂ ಸಹಾಯಕನದೇ ಆಗಿಹೋಗುವುವು. ಅಲ್ಲಿ ಅಧ್ಯಾಹಾರವೇ ಇಲ್ಲ, ಇಡೀ ವಾಕ್ಯವೇ ಆರೋಪ.

ಈಚೆಗೆ ಜೊತೆಗಾರನ ಸ್ಥಾನಕ್ಕೆ ಯಂತ್ರವು ಬರುತ್ತಿದೆ. ಪದಗಳ ಮೊದಲಕ್ಷರಗಳನ್ನಷ್ಟೇ ಕಣ್ಣಿನಿಂದ ಸೂಚಿಸಿದರೆ ಇಡೀ ವಾಕ್ಯವನ್ನು ಊಹಿಸಿಕೊಡುವ ಯಂತ್ರಗಳು ಪ್ರಯೋಗದಲ್ಲಿವೆ. ಶ್ರಮವು ಉಳಿಯುವುದರಲ್ಲಿ ಸಂದೇಹವಿಲ್ಲ. ದಿನವೆಲ್ಲ ಕಣ್ಣಿನಿಂದ ಅಕ್ಷರಗಳನ್ನು ಆರಿಸುವವನ ಆಯಾಸವನ್ನು ಬಲ್ಲವರು ಇದನ್ನು ಹಳಿಯಲಾರರು. ಆದರೂ ಯಂತ್ರದ ಊಹೆಯು ಜನರು ಸಾಮಾನ್ಯವಾಗಿ ಏನು ಹೇಳುವರೆಂಬ ಲೆಕ್ಕದ ಮೇಲೆ ನಿಂತಿರುವುದರಿಂದ ಅದು ಗ್ರಿವೆಯ ಜಾತಿಗೆ ಸೇರಿದುದು. ನ್ವಾರ್ತಿಯೆಯ “ನಾನು” ಅದಕ್ಕೆ ಕೊನೆಗೆ ತೋರುವ ಪದ. ಅದು ಊಹಿಸಿದ ವಾಕ್ಯವನ್ನು ಮೊದಲು ವಕ್ತೃವಿಗೆ ತೋರಿಸುವುದೋ, ನೇರವಾಗಿ ನುಡಿದುಬಿಡುವುದೋ ಎಂಬುದರ ಮೇಲೆ ಅದರ ಯೋಗ್ಯತೆಯು ನಿಂತಿದೆ.

ಕನ್ನಡದಲ್ಲಿ ಈ ಕಾರ್ಯಕ್ಕೆ ತೊಡಗುವವರಿಗೆ ಭಾಷೆಯಿಂದಲೇ ಕೆಲವು ಅನುಕೂಲಗಳುಂಟು, ಕೆಲವು ತೊಡಕುಗಳೂ ಉಂಟು. ನಮ್ಮ ವರ್ಣಮಾಲೆಯು ವರ್ಗಗಳಾಗಿ ವಿಂಗಡಿಸಲ್ಪಟ್ಟಿರುವುದರಿಂದ ಮೊದಲು ವರ್ಗವನ್ನೂ ಬಳಿಕ ಅಕ್ಷರವನ್ನೂ ಸೂಚಿಸಿದರೆ ಸಾಕು; ಇಪ್ಪತ್ತೈದು ವರ್ಗೀಯವ್ಯಂಜನಗಳಲ್ಲಿ ಯಾವುದನ್ನಾದರೂ ಎರಡು ಮಿಟುಕಿನಲ್ಲಿ ಆರಿಸಬಹುದು. ಕಾಮಸೂತ್ರದಲ್ಲಿ ಹೇಳಿದ ಕಲೆಗಳಲ್ಲಿ ಒಂದಾದ ಅಕ್ಷರಮುಷ್ಟಿಕೆಯನ್ನು ವಿವರಿಸುತ್ತ ಜಯಮಂಗಲಾವ್ಯಾಖ್ಯಾನವು ವರ್ಗಕ್ಕೊಂದು ಹಸ್ತಮುದ್ರೆ, ಅಕ್ಷರಕ್ಕೊಂದು ಬೆರಳು, ಸ್ವರಕ್ಕೆ ಬೆರಳಿನ ಗೆಣ್ಣು ಎಂಬ ಕ್ರಮವನ್ನು ಹೇಳಿರುವುದು ಇದೇ ಯುಕ್ತಿ. ಗುಣಿತಾಕ್ಷರಕ್ಕೆ ಮತ್ತೊಂದು ಮಿಟುಕು ಬೇಕಾಗುವುದೆಂಬುದು ನಿಜ. ಚಿತ್ರಫಲಕದಲ್ಲಿ ತೊಡಕು ಹೆಚ್ಚು. ಚಿತ್ರವು ಪ್ರಾತಿಪದಿಕವನ್ನೂ ಧಾತುವನ್ನೂ ತೋರಿಸಬಲ್ಲದು, ವಿಭಕ್ತಿಪ್ರತ್ಯಯವನ್ನು ತೋರಿಸಲಾರದು. ಬರುವ ಚಿತ್ರವನ್ನು ಮಗುವು ಮುಟ್ಟಿದಾಗ ಯಂತ್ರವು ಅಜ್ಜನಿಗೆ “ಬಾ” ಎಂದೇ ಹೇಳಿಬಿಟ್ಟರೆ ಆ ಅವಿನಯವು ಮಗುವಿನದಲ್ಲ. “ಬನ್ನಿ”ಗೆ ಬೇರೆ ಸ್ಥಾನವಿರತಕ್ಕದ್ದು.

ಇದೆಲ್ಲಕ್ಕಿಂತ ಮುಖ್ಯವಾದುದು ನಿಷೇಧದ ವಿಷಯ. ಇಂಗ್ಲಿಷಿನಲ್ಲಿ “ನೋ” ಎಂಬ ಒಂದೇ ಮಾತು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಎಂಬ ಮೂರು ಮಾತುಗಳು ಬೇಕು. ಇಂಗ್ಲಿಷ್ ಫಲಕವನ್ನು ನೋಡಿ ಕನ್ನಡದ ಫಲಕವನ್ನು ಮಾಡುವವರು ಅಡ್ಡಗೆರೆಯ ಒಂದು ಚಿತ್ರವನ್ನಿಟ್ಟು ಅದರ ಕೆಳಗೆ “ಬೇಡ” ಎಂದೋ “ಇಲ್ಲ” ಎಂದೋ ಬರೆಯುವುದು ಸಾಲದು. ನೀರು ತಂದವನಿಗೆ “ಬೇಡ” ಎಂದರೆ ನೀರನ್ನು ತಿರಸ್ಕರಿಸಿದಂತೆ. “ಅಲ್ಲ” ಎಂದರೆ ತಾನು ಕೇಳಿದ್ದು ನೀರನ್ನಲ್ಲ, ನಿನ್ನ ಊಹೆಯು ತಪ್ಪು ಎಂದಂತೆ. ಮೊದಲನೆಯದು ವಸ್ತುವಿನ ನಿಷೇಧ, ಎರಡನೆಯದು ಅಧ್ಯಾಹಾರದ ನಿಷೇಧ. “ಅಲ್ಲ” ಎಂಬುದಿಲ್ಲದ ಫಲಕದ ಮುಂದೆ ಬಾಯಾರಿ ಕುಳಿತವನು ನೀರನ್ನು ತಳ್ಳಿದರೆ, ಬಾಯಾರಿಕೆಯಿಲ್ಲವೆಂದು ಲೋಟವನ್ನು ಒಳಗೆ ತೆಗೆದುಕೊಂಡು ಹೋಗುವರು. ಅವನು ಕೇಳಿದ್ದು ಮಜ್ಜಿಗೆಯಾಗಿರಬಹುದು.